ಓಸಾಕಾದಲ್ಲಿ ಹೊರಗಡೆ ಊಟ: ಎಲ್ರೂ ಪದೇ ಪದೇ ಕೇಳೋ ಪ್ರಶ್ನೆಗಳು

ಮಾರ್ಚ್ ಮುಗೀತಾ ಬಂತು ಅಂದ್ರೆ ನನ್ನ ಫೋನಿಗೆ ಪುರುಸೊತ್ತಿರಲ್ಲ. ಚೆರ್ರಿ ಹೂವು ನೋಡಕ್ಕೆ ಬರೋ ಕಸಿನ್ನು, ಕಸಿನ್ನಿನ ಫ್ರೆಂಡು, ಆ ಫ್ರೆಂಡಿನ ಅತ್ತೆ ಮಾವ, ಎಲ್ರದ್ದೂ ಒಂದೇ ಪ್ರಶ್ನೆ: "ಅಲ್ಲಿ ಊಟಕ್ಕೆ ಏನ್ಮಾಡೋದು?" ಎಂಟು ವರ್ಷದಿಂದ ಓಸಾಕಾದಲ್ಲಿದೀನಿ, ಒಬ್ಬೊಬ್ರಿಗೂ ಅದೇ ವಾಯ್ಸ್ ಮೆಸೇಜ್ ಕಳಿಸಿ ಕಳಿಸಿ ಗಂಟಲು ಬಿದ್ದೋಗಿದೆ, ಅದಕ್ಕೇ ಎಲ್ಲಾ ಒಂದ್ಕಡೆ ಬರೆದಿಡ್ತಿದೀನಿ. ಬೆಲೆಗಳೆಲ್ಲಾ ಅಂದಾಜು. 100 ಯೆನ್ ಅಂದ್ರೆ ಸುಮಾರು 55-60 ರೂಪಾಯಿ ಅಂತ ಲೆಕ್ಕ ಹಾಕ್ಕೊಳಿ, ಸಾಕು.

ಟೋಕಿಯೋ ಬಿಟ್ಟು ಊಟಕ್ಕೆ ಅಂತ ಓಸಾಕಾಗೆ ಯಾಕೆ ಬರ್ಬೇಕು?

ಈ ಊರಿಗೆ ಹಳೇ ಹೆಸರೇ "ತೆಂಕಾ ನೋ ದೈದೊಕೊರೊ", ಅಂದ್ರೆ ಇಡೀ ದೇಶದ ಅಡುಗೆಮನೆ. ಹಿಂದೆ ಅಕ್ಕಿ, ಒಣ ಸಾಮಾನು, ಹೊಕ್ಕೈಡೋ ಕಡೆಯಿಂದ ಹಡಗಲ್ಲಿ ಬರ್ತಿದ್ದ ಕೊಂಬು ಅನ್ನೋ ಸಮುದ್ರದ ಪಾಚಿ ಎಲ್ಲಾ ಇಲ್ಲೇ ಬಂದು ಇಳೀತಿತ್ತು, ವ್ಯಾಪಾರಿಗಳ ಊರು, ದುಡ್ಡಿತ್ತು, ನಾಲಿಗೆ ಚುರುಕಾಯ್ತು. ಇಲ್ಲಿಯವರ ಬಗ್ಗೆ "ಕುಯಿದಾವೊರೆ" ಅಂತ ಒಂದು ಮಾತೇ ಇದೆ, ತಿಂದು ತಿಂದೇ ಮನೆ ಹಾಳು ಮಾಡ್ಕೊಳೋರು ಅಂತ. ಬೈಗುಳ ಥರ ಕೇಳಿಸತ್ತೆ, ಆದ್ರೆ ಇವ್ರು ಅದನ್ನ ಹೆಮ್ಮೆಯಿಂದ ಹೇಳ್ಕೊತಾರೆ.

ಇನ್ನೊಂದು, ಓಸಾಕಾ ಜನ ಮಾತಾಡ್ತಾರೆ. ಟೋಕಿಯೋದಲ್ಲಿ ಪಕ್ಕದ ಸೀಟಿನವರು ಗೋಡೆ ಥರ ಕೂತಿರ್ತಾರೆ, ಇಲ್ಲಿ ಕೌಂಟರಲ್ಲಿ ಕೂತ್ರೆ ಐದು ನಿಮಿಷಕ್ಕೆ ಪಕ್ಕದ ಅಜ್ಜ "ಎಲ್ಲಿಂದ ಬಂದಿದೀರಿ" ಅಂತ ಶುರು ಹಚ್ಕೊತಾನೆ. ಬೆಂಗಳೂರಿಂದ ಡೈರೆಕ್ಟ್ ಫ್ಲೈಟಲ್ಲಿ ಟೋಕಿಯೋ ಹತ್ರದ ನರಿಟಾ ಏರ್‌ಪೋರ್ಟಿಗೆ ಬಂದ್ರೂ ಟೋಕಿಯೋದಿಂದ ಶಿಂಕಾನ್ಸೆನ್ ಅನ್ನೋ ಬುಲೆಟ್ ಟ್ರೈನ್‌ನಲ್ಲಿ ಶಿನ್-ಓಸಾಕಾಗೆ ಎರಡೂವರೆ ಗಂಟೆ ಅಷ್ಟೇ.

ಸರಿ, ಒಂದು ಒಳ್ಳೇ ಹೋಟ್ಲಿನ ಹೆಸರು ಹೇಳಿ, ಸೀದಾ ಅಲ್ಲಿಗೇ ಹೋಗ್ತೀವಿ

ಇಲ್ಲೇ ಎಲ್ರೂ ಎಡವೋದು. ನಮ್ಮೂರಲ್ಲಿ ಒಂದು ಹೋಟ್ಲಿಗೆ ಹೋದ್ರೆ ಇಡ್ಲಿಯಿಂದ ಗೋಬಿ ಮಂಚೂರಿ ತನಕ, ನಾರ್ತ್ ಇಂಡಿಯನ್ ಥಾಲಿಯಿಂದ ಗಡ್‌ಬಡ್ ತನಕ ಎಲ್ಲಾ ಸಿಗತ್ತೆ, ಅಪ್ಪನಿಗೊಂದು, ಅಮ್ಮನಿಗೊಂದು, ಮಕ್ಕಳಿಗೊಂದು. ಇಲ್ಲಿ ಹಂಗಲ್ಲ. ಉದೋನ್ ಅನ್ನೋ ದಪ್ಪ ಶಾವಿಗೆ ಅಂಗಡಿ ಅಂದ್ರೆ ಉದೋನ್ ಮಾತ್ರ, ರಾಮೆನ್ ಅನ್ನೋ ನೂಡಲ್ಸ್ ಸೂಪಿನ ಅಂಗಡಿ ಅಂದ್ರೆ ರಾಮೆನ್ ಮಾತ್ರ, ಕಡ್ಡಿಗೆ ಚುಚ್ಚಿ ಕರಿಯೋ ಕುಶಿಕಾತ್ಸು ಅಂಗಡಿಯಲ್ಲಿ ಸುಶಿ ಕೇಳಿದ್ರೆ ನಿಮ್ಮ ಮುಖ ನೋಡ್ತಾರೆ. ದಾವಣಗೆರೆಯಲ್ಲಿ ಬೆಣ್ಣೆ ದೋಸೆ ಹೋಟ್ಲಿಗೆ ಹೋಗಿ ಬಿಸಿಬೇಳೆ ಬಾತ್ ಇಲ್ವಾ ಅಂತ ಕೇಳ್ತೀರಾ? ಊರು ತುಂಬಾ ಅಂಥ ಅಂಗಡಿಗಳೇ ಇವೆ ಅನ್ಕೊಳಿ.

ಅದಕ್ಕೆ ಮೊದಲು ಏನು ತಿನ್ಬೇಕು ಅಂತ ಡಿಸೈಡ್ ಮಾಡಿ, ಆಮೇಲೆ ಅಂಗಡಿ ಹುಡುಕಿ. ಈ ಒಂದು ವಿಷಯ ತಲೇಲಿ ಕೂತ್ರೆ ಕೆಳಗಿನ ಅರ್ಧ ಪ್ರಶ್ನೆ ನೀವೇ ಬಗೆಹರಿಸ್ಕೊತೀರಿ. ಎಲ್ಲಾ ಒಟ್ಟಿಗೆ ಬೇಕು ಅಂದ್ರೆ ಇಜಾಕಾಯ ಅಂತ ಸಂಜೆ ಕುಡಿಯೋಕೆ ತಿನ್ನೋಕೆ ಕೂರೋ ಜಾಗಗಳಿವೆ, ಇಲ್ಲಾಂದ್ರೆ ಫ್ಯಾಮಿಲಿ ರೆಸ್ಟೋರೆಂಟ್ ಚೈನುಗಳಿವೆ, ಡಿಪಾರ್ಟ್‌ಮೆಂಟ್ ಸ್ಟೋರಿನ ಮೇಲಿನ ಫ್ಲೋರಲ್ಲಿ ಹತ್ತಿಪ್ಪತ್ತು ಹೋಟ್ಲು ಸಾಲಾಗಿ ಇರ್ತಾವೆ. ದೊಡ್ಡ ಗುಂಪಿಗೆ ಆ ಮೇಲಿನ ಫ್ಲೋರೇ ವಾಸಿ, ಉಮೆದಾ ಕಡೆ ನೋಡಿ.

ಪ್ಯೂರ್ ವೆಜ್ ಸಿಗತ್ತಾ?

ಅತೀ ಹೆಚ್ಚು ಬರೋ ಪ್ರಶ್ನೆ ಇದೇ. ಉತ್ತರ: ಹುಡುಕಿ ಹೋದ್ರೆ ಸಿಗತ್ತೆ, ಕಂಡಲ್ಲಿ ನುಗ್ಗಿದ್ರೆ ಸಿಗಲ್ಲ.

ತೊಂದರೆ ತರಕಾರಿಯದ್ದಲ್ಲ, ದಾಶಿಯದ್ದು. ದಾಶಿ ಅಂದ್ರೆ ಇವರ ಅಡುಗೆಯ ತಳಪಾಯ, ನಮಗೆ ಬೇಳೆ ಕಟ್ಟು ಇದ್ದಂಗೆ. ಕೊಂಬು ಪಾಚಿ ಮತ್ತೆ ಕತ್ಸುಒಬುಶಿ ಅಂತ ಹೊಗೆ ಹಾಕಿ ಒಣಗಿಸಿದ ಮೀನಿನ ತುರಿ, ಎರಡನ್ನೂ ನೀರಲ್ಲಿ ಬಿಟ್ಟು ಸೋಸ್ತಾರೆ. ಅದು ಮಿಸೋ ಸೂಪಲ್ಲಿ ಇರತ್ತೆ, ಉದೋನ್ ಸಾರಲ್ಲಿ ಇರತ್ತೆ, ಬದನೆಕಾಯಿ ಪಲ್ಯದಲ್ಲಿ ಇರತ್ತೆ, ಟೆಂಪುರಾ ಅನ್ನೋ ಬಜ್ಜಿ ಅದ್ಕೊಳೋ ನೀರಲ್ಲಿ ಇರತ್ತೆ, ಮೊಟ್ಟೆ ಆಮ್ಲೆಟ್ಟಲ್ಲೂ ಇರತ್ತೆ. ಅಡುಗೆಯವನಿಗೆ ಅದು ಮೀನು ಅಂತ ಅನ್ಸೋದೇ ಇಲ್ಲ. "ಮೀನು ಮಾಂಸ ಇಲ್ಲ ತಾನೇ?" ಅಂದ್ರೆ "ಇಲ್ಲ" ಅಂತಾನೆ, ಸುಳ್ಳು ಹೇಳ್ತಿಲ್ಲ ಅವನು, ಅವನ ಲೆಕ್ಕದಲ್ಲಿ ಅದು ರುಚಿ ಅಷ್ಟೇ.

ನಮ್ಮಮ್ಮ ಮೊದಲನೇ ಸಲ ತುಮಕೂರಿಂದ ಬಂದಾಗ ಹಿಂಗೇ ಆಯ್ತು. ಕಿತ್ಸುನೆ ಉದೋನ್ ಅಂತ ಓಸಾಕಾದಲ್ಲೇ ಹುಟ್ಟಿದ ತಿಂಡಿ, ಮೈದಾ ಶಾವಿಗೆ ಮೇಲೆ ಸಿಹಿ ಮಾಡಿ ಬೇಯಿಸಿದ ಕರಿದ ತೋಫು ಅಗಲಕ್ಕೆ ಹಾಸಿರ್ತಾರೆ. ನೋಡಕ್ಕೆ ಪರಮ ಸಾತ್ವಿಕ. ಬಟ್ಟಲು ಮುಂದೆ ಬಂತು, ಅಮ್ಮ ಬಗ್ಗಿ ಹಬೆ ಮೂಸಿದ್ರು, ಚಮಚ ಕೈಯಲ್ಲಿ ಹಿಡ್ಕೊಂಡು ಎರಡು ಸೆಕೆಂಡ್ ಸುಮ್ನಿದ್ರು, ಆಮೇಲೆ ಬಟ್ಟಲನ್ನ ಮೆಲ್ಲಗೆ ನನ್ನ ಕಡೆ ತಳ್ಳಿ "ಇದು ನೀನೇ ತಿನ್ನಪ್ಪ" ಅಂದ್ರು. ಇನ್ನೇನೂ ಹೇಳ್ಲಿಲ್ಲ. ನಾನು ಮೂರು ವರ್ಷದಿಂದ ಅದನ್ನೇ ವೆಜ್ ಅನ್ಕೊಂಡು ಊರವ್ರಿಗೆಲ್ಲಾ ತಿನ್ನಿಸಿದ್ದೆ. ಅವತ್ತು ರಾತ್ರಿ ರೂಮಲ್ಲಿ ಮೊಸರನ್ನ ಆಯ್ತು.

ಹಂಗಾದ್ರೆ ಏನ್ ತಿನ್ನೋದು? ಸುಶಿ ಅಂಗಡಿಲಿ ಕಪ್ಪಾ ಮಾಕಿ, ಅಂದ್ರೆ ಸೌತೆಕಾಯಿ ಸುತ್ತಿದ್ದು, ನಾತ್ತೋ ಮಾಕಿ, ಮೂಲಂಗಿ ಉಪ್ಪಿನಕಾಯಿ ಸುತ್ತಿದ್ದು ಕೇಳ್ಬಹುದು. ನಾತ್ತೋ ಅಂದ್ರೆ ಹುದುಗಿಸಿದ ಸೋಯಾ ಕಾಳು, ಜೇಡರ ಬಲೆ ಥರ ಎಳೆ ಬರತ್ತೆ, ಧೈರ್ಯ ಇದ್ರೆ ಮಾತ್ರ. ಅದ್ರ ಜೊತೆ ಕೊಡೋ ಸಾಸಲ್ಲಿ ದಾಶಿ ಇರತ್ತೆ, ಅದನ್ನ ಬಿಡಿ. ಇನಾರಿ ಅಂತ ತೋಫು ಚೀಲದಲ್ಲಿ ಅನ್ನ ತುಂಬಿದ್ದು ವೆಜ್ ಅಂತ ಇಂಟರ್ನೆಟ್ಟಲ್ಲಿ ಎಲ್ರೂ ಬರೀತಾರೆ, ಆ ಚೀಲವನ್ನ ಬಹಳ ಕಡೆ ದಾಶಿಯಲ್ಲೇ ಬೇಯಿಸಿರ್ತಾರೆ. ಎದಾಮಾಮೆ ಅನ್ನೋ ಬೇಯಿಸಿದ ಹಸಿ ಸೋಯಾ ಕಾಯಿ, ಬಿಳಿ ಅನ್ನ, ಮೇಲೆ ಮೀನಿನ ತುರಿ ಹಾಕ್ಬೇಡಿ ಅಂತ ಹೇಳಿಸಿ ತಣ್ಣನೆ ತೋಫು, ಇವು ಇಜಾಕಾಯದಲ್ಲಿ ಸಲೀಸು. ಹೊಟ್ಟೆ ತುಂಬಾ ಊಟ ಬೇಕು ಅಂದ್ರೆ ಹ್ಯಾಪಿಕೌ ಆಪ್ ಹಾಕ್ಕೊಂಡು ವೆಗನ್ ಅಂತ ಬೋರ್ಡ್ ಇರೋ ಅಂಗಡಿ ಹುಡುಕಿ, ಓಸಾಕಾದಲ್ಲಿ ವೆಗನ್ ರಾಮೆನ್ನು, ವೆಗನ್ ಒಕೊನೊಮಿಯಾಕಿ (ಎಲೆಕೋಸಿನ ದಪ್ಪ ರೊಟ್ಟಿ) ಮಾಡೋರು ಈಗ ಇದಾರೆ. ಜಪಾನೀಸ್ ಕರಿ ಚೈನ್ ಕೋಕೋ ಇಚಿಬಾನ್ಯಾದ ಕೆಲವು ಬ್ರಾಂಚಲ್ಲಿ ವೆಜಿಟೇರಿಯನ್ ಕರಿ ಅಂತ ಬೇರೆಯಾಗೇ ಇದೆ, ಎಲ್ಲಾ ಬ್ರಾಂಚಲ್ಲಿ ಇಲ್ಲ, ಬಾಗಿಲಲ್ಲೇ ಕೇಳಿ.

ಮತ್ತೆ ಒಂದು ಮಾತು. ಅಂಗಡಿ ಒಳಗೆ ಕೂತ್ಮೇಲೆ "ಇದನ್ನ ತೆಗೀರಿ ಅದನ್ನ ಹಾಕ್ಬೇಡಿ" ಅಂತ ಅಡುಗೆ ಬದಲಾಯಿಸೋಕೆ ಹೋಗ್ಬೇಡಿ. ಬೆಳಗ್ಗೆ ಐದಕ್ಕೆ ಎದ್ದು ಒಂದು ಪಾತ್ರೆ ಸಾರು ಕಾಯಿಸಿರ್ತಾನೆ, ಇಡೀ ದಿನ ಅದೊಂದೇ. ನಿಮಗೋಸ್ಕರ ಬೇರೆ ಸಾರು ಎಲ್ಲಿಂದ ತರ್ತಾನೆ ಪಾಪ. ಬಾಗಿಲಲ್ಲೇ ನಿಂತು ಕೇಳಿ, ಆಗಲ್ಲ ಅಂದ್ರೆ ಕೈ ಮುಗಿದು ಮುಂದೆ ಹೋಗಿ. ಯಾರೂ ಬೇಜಾರು ಮಾಡ್ಕೊಳಲ್ಲ.

ಮೊಟ್ಟೆ ಸರಿ, ಚಿಕನ್ನೂ ಸರಿ, ಆದ್ರೆ ಬೀಫ್ ಬೇಡ. ಹೆಂಗೆ ಹೇಳೋದು?

ಇದು ಓಸಾಕಾದಲ್ಲಿ ಸ್ವಲ್ಪ ಹುಷಾರಾಗಿರೋ ವಿಷಯ. ಜಪಾನೀಸಲ್ಲಿ ನಿಕು ಅಂದ್ರೆ ಮಾಂಸ. ಆದ್ರೆ ಈ ಕನ್ಸಾಯ್ ಸೀಮೆಯಲ್ಲಿ ಬರೀ ನಿಕು ಅಂದ್ರೆ ದನದ ಮಾಂಸ ಅಂತಲೇ ಅರ್ಥ. ನಿಕು ಉದೋನ್ ಅಂದ್ರೆ ಬೀಫ್ ಉದೋನ್. ಬೇರೆ ಕಡೆ ನಿಕುಮಾನ್ ಅನ್ನೋ ಹಂದಿ ಮಾಂಸದ ಬನ್ನಿಗೆ ಇಲ್ಲಿ ಬುತಾಮಾನ್ ಅಂತಾರೆ, ಬುತಾ ಅಂದ್ರೆ ಹಂದಿ, ಗೊಂದಲ ಆಗ್ಬಾರ್ದು ಅಂತ. ಗ್ಯು ಅಂದ್ರೆ ದನ, ತೋರಿ ಅಂದ್ರೆ ಕೋಳಿ, ಎಬಿ ಅಂದ್ರೆ ಸಿಗಡಿ. ಸುಜಿ ಅಂತ ಕಂಡ್ರೆ ನಮ್ಮ ಉಪ್ಪಿಟ್ಟಿನ ಸೂಜಿ ರವೆ ಅನ್ಕೊಂಡು ಆರ್ಡರ್ ಮಾಡ್ಬೇಡಿ, ಅದು ದನದ ನರ! ನನ್ನ ರೂಮ್‌ಮೇಟ್ ಒಬ್ಬ ಹಂಗೆ ಮಾಡ್ಕೊಂಡು ಅರ್ಧ ತಟ್ಟೆ ಆದ್ಮೇಲೆ ಗೂಗಲ್ ಮಾಡ್ದ.

ಬರೆದಿರೋ ಕಾರ್ಡ್ ಇಟ್ಕೊಳಿ. ಹೋಟೆಲ್ ರಿಸೆಪ್ಷನ್ನಲ್ಲಿ ಕೇಳಿದ್ರೆ ಜಪಾನೀಸಲ್ಲಿ ಚೀಟಿ ಬರ್ಕೊಡ್ತಾರೆ, "ನಾನು ಇದು ಇದು ತಿನ್ನಲ್ಲ, ಧರ್ಮದ ಕಾರಣ" ಅಂತ. ಧರ್ಮ ಅಂದ್ರೆ ತುಂಬಾ ಸೀರಿಯಸ್ಸಾಗಿ ತಗೋತಾರೆ, ಡಯಟ್ ಅಂದ್ರೆ ಅಷ್ಟಿಲ್ಲ. ಹಲಾಲ್ ಬೇಕಾದವರಿಗೆ ನಂಬಾ ಸುತ್ತ ಹಲಾಲ್ ರಾಮೆನ್ ಅಂಗಡಿಗಳಿವೆ, ಬೇರೆ ಕಡೆ ಮಿರಿನ್, ಸಾಕೆ ಅಂತ ಅಡುಗೆಗೇ ಮದ್ಯ ಹಾಕ್ತಾರೆ, ಅದನ್ನೂ ಕೇಳಿ.

ಈರುಳ್ಳಿ ಬೆಳ್ಳುಳ್ಳಿನೂ ಬೇಡ ಅನ್ನೋರು ಇದಾರೆ, ಅವ್ರ ಗತಿ?

ಅವ್ರಿಗೆ ನಿಜವಾಗ್ಲೂ ರಾಜಭೋಗ. ಶೋಜಿನ್ ರ್ಯೋರಿ ಅಂತ ಬೌದ್ಧ ಮಠಗಳ ಅಡುಗೆ ಇದೆ, ಮೀನು ಮಾಂಸ ಮೊಟ್ಟೆ ಅಷ್ಟೇ ಅಲ್ಲ, ಈರುಳ್ಳಿ ಬೆಳ್ಳುಳ್ಳಿ ಥರದ ಘಾಟು ಪದಾರ್ಥಗಳೂ ನಿಷಿದ್ಧ. ದಾಶಿನೂ ಕೊಂಬು ಮತ್ತೆ ಒಣ ಶಿಟಾಕೆ ಅಣಬೆಯದ್ದು. ನಂಬಾದಿಂದ ನನ್ಕಾಯ್ ರೈಲಲ್ಲಿ ಒಂದೂವರೆ ಗಂಟೆ ಹೋಗಿ, ಆಮೇಲೆ ಕೇಬಲ್ ಕಾರ್ ಹತ್ತಿದ್ರೆ ಕೋಯಾಸಾನ್ ಬೆಟ್ಟ. 816ರಲ್ಲಿ ಕೂಕಾಯ್ ಅನ್ನೋ ಗುರುಗಳು ಕಟ್ಟಿದ ಜಾಗ, ಐವತ್ತಕ್ಕೂ ಹೆಚ್ಚು ಮಠಗಳಲ್ಲಿ ರಾತ್ರಿ ಉಳ್ಕೊಳೋಕೆ ಬಿಡ್ತಾರೆ, ಒಬ್ಬರಿಗೆ ಹತ್ತು ಹದಿನೈದು ಸಾವಿರ ಯೆನ್ನಿಂದ ಮೇಲೆ, ರಾತ್ರಿ ಊಟ ಬೆಳಗಿನ ಊಟ ಸೇರಿ.

ಅಮ್ಮನ್ನ ಎರಡನೇ ಸಲ ಅಲ್ಲಿಗೆ ಕರ್ಕೊಂಡು ಹೋದೆ. ಸಂಜೆ ಐದೂವರೆಗೇ ಊಟ. ಕೆಂಪು ಮೆರುಗೆಣ್ಣೆಯ ಸಣ್ಣ ಮಣೆಗಳ ಮೇಲೆ ಹತ್ತು ಹನ್ನೆರಡು ಪುಟ್ಟ ಪುಟ್ಟ ಬಟ್ಟಲು, ಒಂದರಲ್ಲಿ ಎಳ್ಳಿನ ತೋಫು, ಇನ್ನೊಂದರಲ್ಲಿ ಒಣಗಿಸಿ ಮತ್ತೆ ನೆನೆಸಿದ ಕೋಯಾ ತೋಫು, ಅದು ಸ್ಪಾಂಜ್ ಥರ ರಸ ಹೀರ್ಕೊಂಡಿರತ್ತೆ. ಉಪ್ಪಿನಕಾಯಿ, ತರಕಾರಿ ಟೆಂಪುರಾ, ಅನ್ನ. ಖಾರ ಅನ್ನೋದು ಹೆಸರಿಗೂ ಇಲ್ಲ. ಆದ್ರೂ ಅಮ್ಮ ಒಂದೊಂದೇ ಬಟ್ಟಲು ಖಾಲಿ ಮಾಡಿ ಸಾಲಾಗಿ ಜೋಡಿಸಿಟ್ರು. ಬೆಳಗ್ಗೆ ಆರಕ್ಕೆ ಮಠದಲ್ಲಿ ಗೋಮಾ ಅಂತ ಅಗ್ನಿಪೂಜೆ, ಅದು ನಮ್ಮ ಹೋಮಾನೇ, ಹೆಸರೂ ಅಲ್ಲಿಂದಲೇ ಬಂದಿದ್ದು. ಅಮ್ಮ ಕಣ್ಣೊರೆಸ್ಕೊಂಡು ಕೂತ್ರು, ಹೊಗೆಗೋ ಭಕ್ತಿಗೋ ಕೇಳ್ಲಿಲ್ಲ. ಎಳ್ಳಿಗೂ ಜಪಾನೀಸಲ್ಲಿ ಗೋಮಾ ಅಂತಾರೆ ಅನ್ನೋದು ಬೇರೆ ಕಥೆ, ಇವೆರಡಕ್ಕೂ ಸಂಬಂಧ ಇಲ್ಲ, ಅಮ್ಮ ಮಾತ್ರ ಇವತ್ತಿಗೂ ಒಪ್ಪಲ್ಲ.

ಬಾಗಿಲಲ್ಲಿ ಒಂದು ಮಷಿನ್ ಇರತ್ತಂತೆ?

ಹೂಂ, ಟಿಕೆಟ್ ಮಷಿನ್, ಅದರಿಂದ ಬರೋ ಚೀಟಿಗೆ ಶೊಕ್ಕೆನ್ ಅಂತಾರೆ. ನಮ್ಮ ದರ್ಶಿನಿ ಕ್ಯಾಶ್ ಕೌಂಟರಲ್ಲಿ ಟೋಕನ್ ತಗೊಳಲ್ವಾ, ಅದೇ, ಮನುಷ್ಯನ ಬದಲು ಡಬ್ಬ. ಮೊದಲು ದುಡ್ಡು ಹಾಕಿ, ಆಮೇಲೆ ಬಟನ್ ಒತ್ತಿ, ಉಲ್ಟಾ ಮಾಡಿದ್ರೆ ಏನೂ ಆಗಲ್ಲ, ಹಿಂದೆ ನಿಂತಿರೋರು ನಿಟ್ಟುಸಿರು ಬಿಡ್ತಾರೆ. ಹಳೇ ಮಷಿನ್‌ಗಳು 1000 ಯೆನ್ ನೋಟು ಮತ್ತೆ ಚಿಲ್ರೆ ಮಾತ್ರ ತಗೊಳೋದು. ಓದಕ್ಕೆ ಬರಲ್ಲ ಅಂದ್ರೆ ಎಡಗಡೆ ಮೇಲಿನ ಮೂಲೆಯ ಬಟನ್ ಒತ್ತಿ, ಸಾಮಾನ್ಯವಾಗಿ ಅಲ್ಲೇ ಆ ಅಂಗಡಿಯ ಫೇಮಸ್ ಐಟಂ ಇಟ್ಟಿರ್ತಾರೆ. ಚೀಟಿ ಕೌಂಟರ್ ಮೇಲಿಟ್ಟು ಕೂತ್ಕೊಳಿ.

ಮೆನು ಪೂರ್ತಿ ಜಪಾನೀಸಲ್ಲಿದ್ರೆ?

ಫೋನ್ ಕ್ಯಾಮೆರಾ ಟ್ರಾನ್ಸ್‌ಲೇಟ್ ಇದೆಯಲ್ಲ. ಇಲ್ಲಾಂದ್ರೆ ಹೊರಗಡೆ ಗಾಜಿನೊಳಗೆ ಪ್ಲಾಸ್ಟಿಕ್ ಊಟ ಜೋಡಿಸಿರ್ತಾರೆ, ವೇಟರ್‌ನ ಕರ್ಕೊಂಡು ಬಂದು ಬೆರಳು ತೋರಿಸಿ, ನಾಚಿಕೆ ಏನಿಲ್ಲ.

ವೇಟರ್ ಬರೋದೇ ಇಲ್ಲ, ಎಷ್ಟೊತ್ತು ಕಾಯೋದು?

ನೀವು ಕರೀಬೇಕು. ಟೇಬಲ್ ಮೇಲೆ ಬಟನ್ ಇದ್ರೆ ಒತ್ತಿ, ಇಲ್ಲಾಂದ್ರೆ ಜೋರಾಗಿ "ಸುಮಿಮಾಸೆನ್!" ಅನ್ನಿ. ನಮ್ಮವ್ರು ಕಣ್ಸನ್ನೆ ಮಾಡ್ತಾ, ಚಿಟಿಕೆ ಹೊಡೀತಾ ಕೂತಿರ್ತಾರೆ. ಚಿಟಿಕೆ ದಯವಿಟ್ಟು ಬೇಡ, ಮಾನ ಹೋಗತ್ತೆ.

ಟಾಕೊಯಾಕಿ ಅಂದ್ರೆ ನಮ್ಮ ಪಡ್ಡು ತಾನೇ?

ಹಂಚು ನೋಡಿದ್ರೆ ಹೌದು ಅನ್ಸತ್ತೆ, ಅದೇ ಗುಂಡು ಗುಂಡು ಕುಳಿ. ಆದ್ರೆ ಹಿಟ್ಟು ಬೇರೆ, ಮೈದಾ, ಮೊಟ್ಟೆ, ದಾಶಿ ಸೇರಿ ಮಜ್ಜಿಗೆಯಷ್ಟು ನೀರಾಗಿರತ್ತೆ, ಒಳಗೆ ಟಾಕೊ ಅಂದ್ರೆ ಆಕ್ಟೋಪಸ್ ತುಂಡು, ಶುಂಠಿ ಉಪ್ಪಿನಕಾಯಿ, ಟೆಂಪುರಾ ಪುಡಿ. ಪಡ್ಡು ಒಂದು ಸಲ ಮಗುಚಿದ್ರೆ ಮುಗೀತು. ಇವ್ರು ಮೊದಲು ಇಡೀ ಹಂಚಿನ ಮೇಲೆ, ಕುಳಿ ತುಂಬಿ ಹೊರಗೆ ಚೆಲ್ಲೋ ಹಂಗೆ ಹಿಟ್ಟು ಸುರೀತಾರೆ, ನಾನು ಮೊದಲ ಸಲ ನೋಡಿದಾಗ ಕೈತಪ್ಪಿ ಚೆಲ್ಲಿದ್ರು ಅನ್ಕೊಂಡೆ, ಆಮೇಲೆ ಎರಡು ಉದ್ದ ಕಡ್ಡಿಯಲ್ಲಿ ಆ ಚೆಲ್ಲಿದ್ದನ್ನೆಲ್ಲಾ ಚೌಕ ಚೌಕ ಕತ್ತರಿಸಿ, ಕುಳಿಯೊಳಗೆ ಮಡಚಿ ತುರುಕಿ, ಟಕ್ ಟಕ್ ಅಂತ ತಿರುಗಿಸ್ತಾ ತಿರುಗಿಸ್ತಾ ಗೋಲಿ ಮಾಡ್ತಾರೆ. ಹೊರಗೆ ಗರಿ, ಒಳಗೆ ಗಂಜಿ ಥರ. ಬಾಯಿಗೆ ಹಾಕೋ ಮುಂಚೆ ತೂತು ಮಾಡಿ ಆರಿಸಿ, ಇಲ್ಲಾಂದ್ರೆ ಬಾಯಿ ಅಂಗಳ ಸುಟ್ಟು ಮೂರು ದಿನ ರುಚಿ ಗೊತ್ತಾಗಲ್ಲ.

1935ರಲ್ಲಿ ಓಸಾಕಾದ ಐಜುಯಾ ಅನ್ನೋ ಅಂಗಡಿಯವರು ಶುರು ಮಾಡಿದ್ದು. ಅದಕ್ಕೆ ಮುಂಚೆ ರೇಡಿಯೋಯಾಕಿ ಅಂತ ದನದ ನರ ಹಾಕಿ ಮಾಡ್ತಿದ್ರು, ರೇಡಿಯೋ ಆಗ ಹೊಸದಲ್ವಾ, ಸ್ಟೈಲಿಗೆ ಆ ಹೆಸರು. ಅವರ ಮೂಲ ಟಾಕೊಯಾಕಿಗೆ ಸಾಸ್ ಕೂಡ ಇರ್ಲಿಲ್ಲ. ಈಗ ಎಂಟು ಪೀಸಿಗೆ 500-700 ಯೆನ್, ಟೂರಿಸ್ಟ್ ಜಾಸ್ತಿ ಇರೋ ದೋತೊನ್‌ಬೊರಿ ನದಿ ಪಕ್ಕದಲ್ಲಿ ಇನ್ನೂ ಜಾಸ್ತಿ.

ಒಕೊನೊಮಿಯಾಕಿ?

ಎಲೆಕೋಸು ರಾಶಿ ಹಾಕಿ ಮಾಡೋ ದಪ್ಪ ರೊಟ್ಟಿ ಅನ್ಕೊಳಿ. ಓಸಾಕಾ ಶೈಲಿಯಲ್ಲಿ ಹಿಟ್ಟು, ಕೋಸು, ಮೊಟ್ಟೆ ಎಲ್ಲಾ ಕಲಸಿ ಹುಯ್ತಾರೆ, ಹಿರೋಶಿಮಾದವರು ಪದರ ಪದರವಾಗಿ ಜೋಡಿಸ್ತಾರೆ. ಇವೆರಡರಲ್ಲಿ ಯಾವುದು ಒಳ್ಳೇದು ಅಂತ ಇಲ್ಲಿ ಬಾಯಿ ಬಿಡ್ಬೇಡಿ. ಟೇಬಲ್ಲೇ ಕಾವಲಿ, ಮುಂದೆ ಬಿಸಿ ಬಿಸಿ ಇರತ್ತೆ, ಪಿಜ್ಜಾ ಥರ ತ್ರಿಕೋನಕ್ಕೆ ಕತ್ತರಿಸ್ಬೇಡಿ, ಸಣ್ಣ ಮಗುಚೋ ಕೈ ಕೊಡ್ತಾರೆ, ಅದರಲ್ಲಿ ಅಡ್ಡ ಉದ್ದ ಚೌಕ ಮಾಡ್ಕೊಂಡು ತಿನ್ನೋದು. ಇದನ್ನ ಅನ್ನದ ಜೊತೆ ಸೈಡ್ ಡಿಶ್ ಥರ ತಿಂತಾರೆ ಓಸಾಕಾದವ್ರು. ಟೋಕಿಯೋದವ್ರು ಅದಕ್ಕೆ ನಗ್ತಾರೆ. ಚಪಾತಿಗೆ ಆಲೂಗಡ್ಡೆ ಪಲ್ಯ ತಿನ್ನೋ ನಮಗೆ ನಗೋ ಹಕ್ಕಿಲ್ಲ.

ಕುಶಿಕಾತ್ಸು ಅಂಗಡಿಲಿ ಬೈತಾರಂತೆ, ಯಾಕೆ?

ಸಾಸ್‌ನಲ್ಲಿ ಎರಡನೇ ಸಲ ಅದ್ದಿದ್ರೆ ಬೈತಾರೆ. ಶಿನ್‌ಸೆಕಾಯ್ ಅಂತ ಹಳೇ ಏರಿಯಾ, ತ್ಸೂತೆನ್‌ಕಾಕು ಗೋಪುರದ ಕೆಳಗೆ, ಅಲ್ಲಿಯ ಕೂಲಿ ಜನಕ್ಕೆ ಕಡಿಮೆ ದುಡ್ಡಲ್ಲಿ ಹೊಟ್ಟೆ ತುಂಬಿಸೋಕೆ ಹುಟ್ಟಿದ ತಿಂಡಿ ಇದು, 1929ರಿಂದ ನಡೀತಿರೋ ಅಂಗಡಿ ಇವತ್ತಿಗೂ ಇದೆ. ಮಾಂಸ, ಮೀನು, ಕಮಲದ ಬೇರು, ಈರುಳ್ಳಿ ಏನೇ ಆಗ್ಲಿ ಕಡ್ಡಿಗೆ ಚುಚ್ಚಿ ಬ್ರೆಡ್ ಪುಡಿ ಹಚ್ಚಿ ಕರೀತಾರೆ. ಕೌಂಟರ್ ಮೇಲೆ ಸ್ಟೀಲ್ ಡಬ್ಬೀಲಿ ತೆಳು ಸಾಸು, ಅದು ಎಲ್ರಿಗೂ ಸೇರಿದ್ದು. ಒಂದು ಸಲ ಅದ್ದಬಹುದು, ಕಚ್ಚಿದ್ಮೇಲೆ ಇಲ್ಲ. ಎಂಜಲು ಅನ್ನೋ ಕಾನ್ಸೆಪ್ಟ್ ನಮಗೆ ಯಾರೂ ಹೇಳ್ಕೊಡ್ಬೇಕಾಗಿಲ್ಲ. ಇನ್ನೂ ಸಾಸ್ ಬೇಕು ಅಂದ್ರೆ ಫ್ರೀಯಾಗಿ ಕೊಟ್ಟಿರೋ ಹಸಿ ಕೋಸಿನ ಎಲೇಲಿ ಮೊಗೆದು ಹಾಕ್ಕೊಳೋದು. ಕೋವಿಡ್ ಆದ್ಮೇಲೆ ಸುಮಾರು ಅಂಗಡಿಗಳು ಡಬ್ಬಿ ತೆಗೆದು ಬಾಟಲಿ ಇಟ್ಟಿದಾರೆ, ಬಾಟಲಿ ಇದ್ರೆ ಜಗಳವೇ ಇಲ್ಲ.

ಸಸ್ಯಾಹಾರಿಗಳು ಗಮನಿಸಿ, ಕಮಲದ ಬೇರು ಕೇಳಿದ್ರೂ ಕರಿಯೋ ಎಣ್ಣೆ ಒಂದೇ, ಕೆಲವು ಕಡೆ ಆ ಎಣ್ಣೆಯೇ ದನದ ಕೊಬ್ಬು.

ಸುಶಿ ಬೆಲ್ಟ್ ಮೇಲೆ ಬರತ್ತಲ್ಲ, ಅದು ಅಗ್ಗನಾ?

ಆ ಬೆಲ್ಟ್ ಹುಟ್ಟಿದ್ದೂ ಇಲ್ಲೇ. ಶಿರಾಯಿಶಿ ಯೋಶಿಯಾಕಿ ಅನ್ನೋರು ಬಿಯರ್ ಫ್ಯಾಕ್ಟರಿಯಲ್ಲಿ ಬಾಟಲಿಗಳು ಸಾಲಾಗಿ ಓಡೋದನ್ನ ನೋಡಿ, 1958ರಲ್ಲಿ ಪಕ್ಕದ ಹಿಗಾಶಿ-ಓಸಾಕಾದಲ್ಲಿ ಗೆನ್ರೊಕು ಅಂತ ಅಂಗಡಿ ತೆಗೆದ್ರು. 1970ರ ಓಸಾಕಾ ಎಕ್ಸ್‌ಪೋದಲ್ಲಿ ಜನ ನೋಡಿದ್ರು, ಆಮೇಲೆ ದೇಶ ಪೂರ್ತಿ ಹಬ್ಬಿತು. ಅದೇ 1958ರಲ್ಲಿ ಇದೇ ಓಸಾಕಾ ಸೀಮೆಯ ಇಕೆದಾ ಊರಲ್ಲಿ ಆಂದೊ ಮೊಮೊಫುಕು ಇನ್‌ಸ್ಟಂಟ್ ನೂಡಲ್ಸ್ ಕಂಡುಹಿಡಿದಿದ್ದು, ನಮ್ಮ ಹಾಸ್ಟೆಲ್ ಮ್ಯಾಗಿಯ ಮುತ್ತಜ್ಜ. ಇಕೆದಾದಲ್ಲಿ ಅದರ ಮ್ಯೂಸಿಯಂ ಇದೆ, ಮಕ್ಕಳಿದ್ರೆ ಅರ್ಧ ದಿನಕ್ಕೆ ಬೆಸ್ಟು.

ಚೈನುಗಳಲ್ಲಿ ಒಂದು ಪ್ಲೇಟು 100 ಯೆನ್ ಚಿಲ್ರೆಯಿಂದ ಶುರು, ಸಾವಿರದೈನೂರು ಯೆನ್ನಿಗೆ ಹೊಟ್ಟೆ ಬಿರಿಯತ್ತೆ. ಸುಶಿರೋ, ಕುರಾ ಎರಡೂ ಓಸಾಕಾ ಸೀಮೆಯ ಕಂಪ್ನಿಗಳೇ. ಕುರಾದಲ್ಲಿ ಖಾಲಿ ಪ್ಲೇಟು ಐದಾದ್ರೆ ಸ್ಕ್ರೀನಲ್ಲಿ ಒಂದು ಆಟ ಬರತ್ತೆ, ಗೆದ್ರೆ ಪುಟ್ಟ ಆಟಿಕೆ, ಆ ಆಟಿಕೆಗೋಸ್ಕರ ನನ್ನ ಅಕ್ಕನ ಮಗ ಹದಿನೈದು ಪ್ಲೇಟು ಸೌತೆಕಾಯಿ ಸುಶಿ ತಿಂದ. 2023ರಲ್ಲಿ ಒಬ್ಬ ಹುಡುಗ ಸೋಯಾ ಸಾಸ್ ಬಾಟಲಿ ನೆಕ್ಕೋ ವಿಡಿಯೋ ಓಡಾಡಿದ್ಮೇಲೆ ಸುಮಾರು ಕಡೆ ಬೆಲ್ಟ್ ಸುಮ್ನೆ ಸುತ್ತಲ್ಲ, ಟ್ಯಾಬ್ಲೆಟ್ಟಲ್ಲಿ ಆರ್ಡರ್ ಮಾಡಿದ್ರೆ ನಿಮ್ಮ ಟೇಬಲ್ಲಿಗೆ ಸೀದಾ ಬರತ್ತೆ.

ಕೈಯಲ್ಲಿ ತಿನ್ನಬಹುದಾ?

ಸುಶಿ ಆರಾಮಾಗಿ ಕೈಯಲ್ಲೇ ತಿನ್ನಿ, ಹಳಬರು ಹಂಗೇ ತಿನ್ನೋದು. ಅನ್ನ, ಸಾರು ಬೇಡ. ಚಾಪ್‌ಸ್ಟಿಕ್ ಬರಲ್ಲ ಅಂದ್ರೆ ಚಮಚ, ಫೋರ್ಕ್ ಕೇಳಿ, ಕೊಡ್ತಾರೆ. ಎರಡೇ ಎರಡು ವಿಷಯ ಮಾತ್ರ ಮಾಡ್ಬೇಡಿ: ಅನ್ನದಲ್ಲಿ ಕಡ್ಡಿ ನೆಟ್ಟಗೆ ಚುಚ್ಚೋದು, ನಿಮ್ಮ ಕಡ್ಡಿಯಿಂದ ಇನ್ನೊಬ್ಬರ ಕಡ್ಡಿಗೆ ತಿಂಡಿ ದಾಟಿಸೋದು. ಮೊದಲನೇದು ಸತ್ತವರಿಗೆ ಇಡೋ ಅನ್ನ, ಎರಡನೇದು ಸುಟ್ಟ ಮೇಲೆ ಮೂಳೆ ಆರಿಸೋ ಕ್ರಮ. ನಮ್ಮಲ್ಲಿ ಯಾರಾದ್ರೂ ಊಟದೆಲೆ ಮುಂದೆ ಪಿಂಡ ಕಟ್ಟೋ ಥರ ಅನ್ನ ಉಂಡೆ ಮಾಡಿದ್ರೆ ಅಜ್ಜಿ ಹೆಂಗ್ ನೋಡ್ತಾಳೆ, ಅದೇ ನೋಟ. ಶಬ್ದ ಮಾಡ್ಕೊಂಡು ನೂಡಲ್ಸ್ ಎಳೆಯೋದಕ್ಕೆ ಮಾತ್ರ ಪೂರ್ತಿ ಪರ್ಮಿಷನ್, ತಿಳಿಸಾರು ಸೊರ್ ಅನ್ನಿಸಿ ಬೆಳೆದೋರಿಗೆ ಇದು ಮನೆ ಇದ್ದಂಗೆ.

ಬಿಲ್ಲಲ್ಲಿ ನಾವು ಕೇಳದೇ ಇರೋ ಐಟಂ ಇತ್ತು, ಮೋಸ ಮಾಡಿದ್ರಾ?

ಇಜಾಕಾಯಲ್ಲಿ ಕೂತ ತಕ್ಷಣ ಒಂದು ಸಣ್ಣ ಬಟ್ಟಲು ತಂದಿಟ್ರಲ್ಲ, ಅದು. ಟೋಕಿಯೋ ಕಡೆ ಒತೋಶಿ, ಇಲ್ಲಿ ತ್ಸುಕಿದಾಶಿ. ಒಬ್ಬೊಬ್ಬರಿಗೂ 300-500 ಯೆನ್ ಸೇರಿಸ್ತಾರೆ, ಸೀಟಿನ ಬಾಡಿಗೆ ಅನ್ಕೊಳಿ. ಮೋಸ ಅಲ್ಲ, ಪದ್ಧತಿ. ಟ್ಯಾಕ್ಸ್ ಕೂತು ತಿಂದ್ರೆ 10 ಪರ್ಸೆಂಟ್, ಪಾರ್ಸೆಲ್ ಆದ್ರೆ 8.

ಮೋಸ ಬೇರೆ ಥರ ಆಗತ್ತೆ. ಬಂದ ಹೊಸದರಲ್ಲಿ ದೋತೊನ್‌ಬೊರಿಯಲ್ಲಿ ಗ್ಲಿಕೋ ಅನ್ನೋ ತಿಂಡಿ ಕಂಪ್ನಿಯ ಓಟಗಾರನ ಬೋರ್ಡ್ ಮುಂದೆ ಫೋಟೋ ತೆಗೆಸ್ಕೊಂಡು ನಿಂತಿದ್ವಿ, ಒಬ್ಬ ಹುಡುಗ ಲ್ಯಾಮಿನೇಟ್ ಮಾಡಿದ ಮೆನು ಹಿಡ್ಕೊಂಡು ಬಂದು ನಗ್ತಾ ನಗ್ತಾ ಕರೆದ, ಬಿಯರ್ 300 ಯೆನ್ ಅಂದ. ಲಿಫ್ಟಲ್ಲಿ ಐದನೇ ಫ್ಲೋರ್. ನಾಲ್ಕು ಜನ, ಅರ್ಧ ಹೊಟ್ಟೆ ಊಟ, ಬಿಲ್ಲು 18,000 ಯೆನ್. ಸೀಟ್ ಚಾರ್ಜು, ವೀಕೆಂಡ್ ಚಾರ್ಜು, ಸರ್ವಿಸ್ ಚಾರ್ಜು, ಇನ್ನೇನೋ ಒಂದು ಚಾರ್ಜು. ಭಾಷೆ ಬರ್ತಿರ್ಲಿಲ್ಲ, ಕೊಟ್ಟು ಬಂದ್ವಿ. ಹಂಗೆ ಬೀದೀಲಿ ಜನ ಎಳೆಯೋದನ್ನ ಆ ಏರಿಯಾದಲ್ಲಿ ಸಿಟಿಯವರೇ ನಿಷೇಧ ಮಾಡಿದಾರೆ, ಸ್ಪೀಕರಲ್ಲಿ ಕೂಗ್ತಾನೂ ಇರ್ತಾರೆ, ಆದ್ರೂ ಬರ್ತಾರೆ. ನನ್ನ ಲೆಕ್ಕ ಸಿಂಪಲ್: ಒಂದೇ ತಿಂಡಿ ಮಾಡೋ, ಗ್ರೌಂಡ್ ಫ್ಲೋರಲ್ಲಿ ಇರೋ, ಹೊರಗೆ ಬೆಲೆ ಬರೆದಿರೋ ಅಂಗಡಿ. ಅಲ್ಲಿ ಕರೆಯೋರು ಇರಲ್ಲ, ಕ್ಯೂ ಇರತ್ತೆ.

ಟಿಪ್ಸ್ ಎಷ್ಟು ಕೊಡೋದು?

ಕೊಡೋದಿಲ್ಲ. ಟೇಬಲ್ ಮೇಲೆ ಬಿಟ್ರೆ ಮರ್ತೋದ್ರಿ ಅಂತ ರೋಡ್ ತನಕ ಓಡಿ ಬಂದು ವಾಪಸ್ ಕೊಡ್ತಾರೆ.

ಫುಗು ಮೀನು ತಿಂದ್ರೆ ಸಾಯ್ತಾರಂತೆ?

ವಿಷ ಇರೋದು ಮುಖ್ಯವಾಗಿ ಈಲಿ (ಲಿವರ್) ಮತ್ತೆ ಅಂಡಾಶಯದಲ್ಲಿ, ಈಲಿ ಬಡಿಸೋದನ್ನ 1983ರಲ್ಲೇ ನಿಷೇಧ ಮಾಡಿದಾರೆ, ಮೀನು ಕೊಯ್ಯೋಕೆ ಲೈಸೆನ್ಸ್ ಬೇಕು. ಹಾಗಾಗಿ ಅಂಗಡೀಲಿ ತಿಂದ್ರೆ ಭಯ ಇಲ್ಲ. ಓಸಾಕಾದವರು ಇದಕ್ಕೆ ತೆಪ್ಪೋ, ಅಂದ್ರೆ ಬಂದೂಕು ಅಂತಾರೆ, ತಗುಲಿದ್ರೆ ಕಥೆ ಮುಗೀತು ಅಂತ. ನನ್ನ ಕೇಳಿದ್ರೆ ಆ ದುಡ್ಡಿಗೆ ರುಚಿ ಏನೂ ಇಲ್ಲ, ಸಪ್ಪೆ.

ಒಂಬತ್ತು ಜನ ಬರ್ತಿದೀವಿ, ಅಜ್ಜಿ, ಎರಡು ಸಣ್ಣ ಮಕ್ಕಳು. ಒಟ್ಟಿಗೆ ಕೂರೋಕಾಗತ್ತಾ?

ಒಳ್ಳೇ ಅಂಗಡಿಗಳಲ್ಲಿ ಇರೋದೇ ಎಂಟು ಹತ್ತು ಸ್ಟೂಲು. ಒಂಬತ್ತು ಜನ ನುಗ್ಗಿದ್ರೆ ಅಂಗಡಿಯೇ ಬುಕ್ ಆದಂಗೆ. ಮೂರು ಮೂರು ಜನ ಆಗಿ, ಇಲ್ಲಾ ಮೇಲೆ ಹೇಳಿದ ಡಿಪಾರ್ಟ್‌ಮೆಂಟ್ ಸ್ಟೋರಿಗೆ ಹೋಗಿ. ಮಧ್ಯಾಹ್ನ ಹನ್ನೊಂದೂವರೆಗೇ ಹೋಗ್ಬಿಡಿ, ಹನ್ನೆರಡಕ್ಕೆ ಆಫೀಸ್ ಜನ ಬರ್ತಾರೆ. ಎರಡರಿಂದ ಐದರ ತನಕ ಸುಮಾರು ಅಂಗಡಿ ಬಾಗಿಲು ಹಾಕಿರತ್ತೆ, ಮೂರು ಗಂಟೆಗೆ ಊಟ ಮಾಡೋ ನಮ್ಮ ಅಭ್ಯಾಸ ಇಲ್ಲಿ ನಡಿಯಲ್ಲ. ಮಧ್ಯಾಹ್ನದ ತೇಶೊಕು, ಅಂದ್ರೆ ಸೆಟ್ ಊಟ, ಸಾವಿರ ಯೆನ್ ಆಸುಪಾಸಿಗೆ ಬರತ್ತೆ, ಅದೇ ಅಂಗಡಿ ರಾತ್ರಿ ಮೂರು ನಾಲ್ಕು ಪಟ್ಟು. ದೊಡ್ಡ ಹೋಟ್ಲಾದ್ರೆ ಬುಕ್ ಮಾಡಿ, ಮಾಡಿದ್ಮೇಲೆ ಹೋಗದೇ ಇರ್ಬೇಡಿ, ಕ್ಯಾನ್ಸಲ್ ಚಾರ್ಜ್ ಹಾಕ್ತಾರೆ, ಅದಕ್ಕಿಂತ ಹೆಚ್ಚಾಗಿ ಆ ಮೀನು ನಿಮಗಂತಲೇ ತಂದಿರ್ತಾರೆ.

ಉಪ್ಪಿನಕಾಯಿ, ಚಟ್ನಿಪುಡಿ ಹೋಟ್ಲೊಳಗೆ ತಗೊಂಡು ಹೋಗ್ಬಹುದಾ?

ತೆಗೀಬೇಡಿ ಪ್ಲೀಸ್. ರೂಮಿಗೆ ಇಟ್ಕೊಳಿ, ರೆಡಿಮೇಡ್ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಎಲ್ಲಾ ಜೀವ ಉಳಿಸತ್ತೆ, ಬಿಳಿ ಅನ್ನ ಯಾವ ಕನ್ವೀನಿಯನ್ಸ್ ಸ್ಟೋರಲ್ಲೂ ಸಿಗತ್ತೆ, ಬಿಸಿನೂ ಮಾಡ್ಕೊಡ್ತಾರೆ. ಹಸಿ ಕರಿಬೇವು, ಹಣ್ಣು, ತರಕಾರಿ ಊರಿಂದ ತರ್ಬೇಡಿ, ಸರ್ಟಿಫಿಕೇಟ್ ಇಲ್ಲದೇ ಏರ್‌ಪೋರ್ಟಲ್ಲಿ ಬಿಡಲ್ಲ. ಹೋಟ್ಲಲ್ಲಿ ಖಾರ ಬೇಕಂದ್ರೆ ಶಿಚಿಮಿ ಅಂತ ಏಳು ಪದಾರ್ಥದ ಪುಡಿ ಟೇಬಲ್ ಮೇಲೇ ಇರತ್ತೆ. ಖಾರ ಅನ್ನೋದು ಅವರ ಮಾತು.

ಕಾರ್ಡ್ ನಡಿಯತ್ತಾ?

ಚೈನು, ಮಾಲುಗಳಲ್ಲಿ ನಡಿಯತ್ತೆ. ಹಳೇ ಕೌಂಟರ್ ಅಂಗಡಿಗಳಿಗೆ ಕ್ಯಾಶ್ ಇಟ್ಕೊಳಿ, ಒಬ್ಬರಿಗೆ ದಿನಕ್ಕೆ ಐದು ಸಾವಿರ ಯೆನ್, ಸಾವಿರದ ನೋಟುಗಳೇ ಇರ್ಲಿ. ದುಡ್ಡನ್ನ ಕೈಗೆ ಕೊಡ್ಬೇಡಿ, ಮುಂದೆ ಸಣ್ಣ ತಟ್ಟೆ ಇರತ್ತೆ, ಅದರಲ್ಲಿಡಿ.

ಟಾಕೊಯಾಕಿ ತಿಂದ್ಮೇಲೆ ಆ ಡಬ್ಬಿ ಎಲ್ಲಿ ಎಸೆಯೋದು? ಎಲ್ಲೂ ಡಸ್ಟ್‌ಬಿನ್ನೇ ಕಾಣಲ್ಲ

ಅಲ್ಲೇ ಅಂಗಡಿ ಮುಂದೆ ನಿಂತು ತಿಂದು ಅವ್ರಿಗೇ ವಾಪಸ್ ಕೊಡಿ, ತಗೋತಾರೆ. ಕುರೊಮೊನ್ ಮಾರ್ಕೆಟ್ಟಲ್ಲೂ ಅಷ್ಟೇ, ತಿನ್ಕೊಂಡು ನಡೀಬೇಡಿ ಅಂತ ಬೋರ್ಡ್ ಹಾಕಿರ್ತಾರೆ, ಬೆಲೆನೂ ಟೂರಿಸ್ಟ್ ಬೆಲೆ. ಬೇರೆ ಅಂಗಡಿಯ ಡಬ್ಬಿ ಬೇರೆಯವರಿಗೆ ಕೊಟ್ರೆ ತಗೊಳಲ್ಲ, ಅವಾಗ ಬ್ಯಾಗಲ್ಲಿ ಹಾಕ್ಕೊಂಡು ರೂಮಿಗೆ ಹೋಗೋದೇ. ನನ್ನ ಬ್ಯಾಗಲ್ಲಿ ಇವತ್ತಿಗೂ ಒಂದು ಖಾಲಿ ಕವರ್ ಇದ್ದೇ ಇರತ್ತೆ, ಸಾಸ್ ವಾಸನೆ ಹೊಡೀತಾ.